ಹೊತ್ಕೊಂಡು ಓಡಾಡೋ ಹಳೇ ಅನಲಾಗ್ ಸಿಂಥ್‌ಗಳು: ಯಾವುದನ್ನ ಯಾರು ತಗೋಬೇಕು

ಹಳೇ ಅನಲಾಗ್ ಸಿಂಥ್, ಅಂದ್ರೆ ಎಲೆಕ್ಟ್ರಾನಿಕ್ ಸರ್ಕ್ಯೂಟ್‌ನಿಂದಲೇ ಸದ್ದು ಹುಟ್ಟಿಸೋ ಸಿಂಥಸೈಸರ್, ತಗೋಬೇಕು ಅಂತ ಹೊರಡೋರಲ್ಲಿ ಬಹಳ ಜನ ಮಾಡೋದು ಏನಂದ್ರೆ, ತಮಗಿಷ್ಟದ ಹಾಡು ಯಾವ ಮಷಿನ್‌ನಲ್ಲಿ ಮಾಡಿದ್ದು ಅಂತ ಹುಡುಕ್ತಾರೆ, ಆಮೇಲೆ ಅದೇ ಬೇಕು ಅಂತ ಹಟ ಹಿಡಿದು ಕೂತ್ಕೋತಾರೆ. ಆದ್ರೆ ಆ ಹಾಡು ಹಾಗೆ ಕೇಳ್ಸೋಕೆ ಆ ಮಷಿನ್‌ನಲ್ಲಿ ಏನಿತ್ತು ಅನ್ನೋದು ಎಷ್ಟು ಕಾರಣಾನೋ, ಏನಿರ್ಲಿಲ್ಲ ಅನ್ನೋದೂ ಅಷ್ಟೇ ಕಾರಣ. ಒಂದ್ಸಲಕ್ಕೆ ಒಂದೇ ಸ್ವರ ಬರುತ್ತೆ, ಮಾಡಿದ ಸೌಂಡ್ ಸೇವ್ ಆಗಲ್ಲ, ಬಿಸಿಯಾದ್ರೆ ಶ್ರುತಿ ಜಾರುತ್ತೆ. ಇಂಥ ಕಾಟಗಳ ಜೊತೆ ಗುದ್ದಾಡ್ತಾ ಗುದ್ದಾಡ್ತಾನೇ ಆ ಸಂಗೀತ ಎಲ್ಲ ಹುಟ್ಟಿದ್ದು. ಹಾಗಾಗಿ ಯಾರಾದ್ರೂ ಕೇಳಿದ್ರೆ ನಾನು ಮೊದಲು ವಾಪಸ್ ಕೇಳೋದು, ಯಾವ ಮಷಿನ್‌ನ ಕಾಟ ನಿಮಗೆ ಸಹಿಸ್ಕೊಳ್ಳೋಕೆ ಆಗುತ್ತೆ ಅಂತ.

ಪೋರ್ಟಬಲ್ ಅಂತ ಎಲ್ಲಾನೂ ಒಂದೇ ಸಾಲಲ್ಲಿ ಕೂರಿಸ್ತಾರೆ, ಅದು ಸರಿಯಿಲ್ಲ. 60ರ ದಶಕದಲ್ಲಿ ಸಿಂಥ್ ಅಂದ್ರೆ ಗೋಡೆ ತುಂಬ ನಿಲ್ಲೋ ಮಾಡ್ಯುಲರ್ ಬೀರುಗಳು, ಅಂದ್ರೆ ಬಿಡಿ ಬಿಡಿ ಭಾಗಗಳನ್ನ ಕೇಬಲ್‌ನಲ್ಲಿ ಜೋಡಿಸೋವು, ಕೇಬಲ್ ಚುಚ್ಚದೆ ಒಂದು ಸದ್ದೂ ಬರ್ತಿರ್ಲಿಲ್ಲ. ಅಲ್ಲಿಂದ ಕೈಗೆ ಸಿಗೋ ಸೈಜ್‌ಗೆ ಬಂದಿದ್ದು ಮೂರು ಬೇರೆ ಬೇರೆ ದಾರೀಲಿ. ಸೂಟ್‌ಕೇಸ್ ಒಳಗೆ ಮಾಡ್ಯುಲರ್‌ನ ಅಡಗಿಸಿಟ್ಟಿದ್ದು ಒಂದು: ಇಎಂಎಸ್ ಸಿಂಥಿ, ಬುಕ್ಲಾ ಮ್ಯೂಸಿಕ್ ಈಸಲ್ ಇತ್ಯಾದಿ. ಸ್ಟೇಜ್‌ಗೆ ಒಬ್ಬರೇ ಎತ್ಕೊಂಡು ಹೋಗಬಹುದಾದ ಕೀಬೋರ್ಡ್ ಇನ್ನೊಂದು: ಮಿನಿಮೋಗ್, ಎಆರ್‌ಪಿ ಒಡಿಸ್ಸಿ, ಕೋರ್ಗ್ ಎಂಎಸ್-20. ಮೂರನೇದು ಬ್ಯಾಟರಿ ಹಾಕಿ ಎಲ್ಲಿ ಬೇಕಾದ್ರೂ ಕೂತು ನುಡಿಸೋದು: ರೋಲ್ಯಾಂಡ್ ಎಸ್‌ಎಚ್-101, ಟಿಬಿ-303, ಯಮಹಾ ಸಿಎಸ್-01, ಇಡಿಪಿ ವಾಸ್ಪ್. ನಿಮಗೆ ಬೇಕಾಗಿರೋ ಪೋರ್ಟಬಲ್ ಇದ್ರಲ್ಲಿ ಯಾವುದು ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗೀತು. ಮಿನಿಮೋಗ್ ಸುಮಾರು 13 ಕೆಜಿ ಇದೆ, ಮಾಡ್ಯುಲರ್‌ಗೆ ಹೋಲಿಸಿದ್ರೆ ಹೂವು, ಹೆಗಲಿಗೆ ಹಾಕ್ಕೊಂಡು ಬಸ್ ಹತ್ತೋರಿಗೆ ಕಲ್ಲು. ಎಸ್‌ಎಚ್-101 ನಾಲ್ಕು ಕೆಜಿ ಚಿಲ್ಲರೆ ಅಷ್ಟೇ.

ಸೂಟ್‌ಕೇಸ್‌ನವು

ಇಎಂಎಸ್ ಲಂಡನ್ ಕಂಪನಿ, ಪೀಟರ್ ಝಿನೊವಿಯೆಫ್, ಟ್ರಿಸ್ಟ್ರಮ್ ಕ್ಯಾರಿ, ಡೇವಿಡ್ ಕಾಕೆರೆಲ್ ಮೂವರೂ ಸೇರಿ 1969ರಲ್ಲಿ ವಿಸಿಎಸ್3 ಅಂತ ಮರದ ಡಬ್ಬಿಯ ಸಿಂಥ್ ಮಾಡಿದ್ರು, 1971ರಲ್ಲಿ ಅದೇ ಸರ್ಕ್ಯೂಟ್‌ನ ಬ್ರೀಫ್‌ಕೇಸ್‌ಗೆ ತುಂಬಿ ಸಿಂಥಿ ಎ ಅಂದ್ರು, ಮುಂದಿನ ವರ್ಷ ಮುಚ್ಚಳದಲ್ಲಿ ಟಚ್ ಕೀಬೋರ್ಡೂ ಸೀಕ್ವೆನ್ಸರೂ (ಹಾಕಿಟ್ಟ ಸ್ವರಗಳನ್ನ ತಾನೇ ನುಡಿಸೋದು) ಕೂರಿಸಿ ಸಿಂಥಿ ಎಕೆಎಸ್ ಮಾಡಿದ್ರು. ಕೇಬಲ್ ಇಲ್ಲ. ಮಧ್ಯದಲ್ಲಿ 16 ಅಡ್ಡ 16 ಉದ್ದದ ತೂತುಗಳ ಒಂದು ಬೋರ್ಡ್ ಇದೆ, ಸಾಲು ಸಿಗ್ನಲ್ ಎಲ್ಲಿಂದ ಬರ್ತಿದೆ ಅಂತ, ಕಂಬ ಎಲ್ಲಿಗೆ ಹೋಗ್ತಿದೆ ಅಂತ, ಎರಡೂ ಸೇರೋ ಕಡೆ ಒಂದು ಸಣ್ಣ ಪಿನ್ ಚುಚ್ಚಿದ್ರೆ ಕನೆಕ್ಷನ್ ಆಯ್ತು. ಆ ಪಿನ್ ಒಳಗೆ ಒಂದು ಪುಟಾಣಿ ರೆಸಿಸ್ಟರ್ ಇದೆ. ಮಾಮೂಲಿ ಪಿನ್‌ಗಳಲ್ಲಿ ಆ ರೆಸಿಸ್ಟರ್ ಶೇಕಡಾ 5ರಷ್ಟು ಆಚೀಚೆ ಇರಬಹುದು, ಅಂದ್ರೆ ಒಂದು ಪಿನ್ ತೆಗೆದು ಅದೇ ಬಣ್ಣದ ಇನ್ನೊಂದು ಹಾಕಿದ್ರೂ ಆಸಿಲೇಟರ್, ಅಂದ್ರೆ ಮೂಲ ಸ್ವರ ಹುಟ್ಟಿಸೋ ಭಾಗ, ಕೀಬೋರ್ಡ್ ಹಿಂದೆ ಸ್ವಲ್ಪ ಬೇರೆ ಥರ ನಡೆಯುತ್ತೆ. ಅದಕ್ಕೇ ಶೇಕಡಾ 1ರ ಪಿನ್‌ಗಳನ್ನ ಬೇರೆ ಮಾಡಿದ್ರು. ಇಂಥ ಮಷಿನ್‌ನಲ್ಲಿ ಬ್ಯಾಂಡ್ ಜೊತೆ ಶ್ರುತಿ ಸೇರಿಸಿ ರಾಗ ನುಡಿಸ್ತೀನಿ ಅಂತ ಹೋದ್ರೆ ಅಳು ಬರುತ್ತೆ.

ಅದನ್ನ ಚೆನ್ನಾಗಿ ಬಳಸಿದೋರು ಯಾರೂ ಹಾಗೆ ಹೋಗ್ಲಿಲ್ಲ. ಪಿಂಕ್ ಫ್ಲಾಯ್ಡ್‌ನವರ 1973ರ ಆಲ್ಬಮ್‌ನಲ್ಲಿ 'ಆನ್ ದ ರನ್' ಅಂತ ಒಂದಿದೆ ನೋಡಿ, ಎಂಟು ಸ್ವರ ಎಕೆಎಸ್ ಸೀಕ್ವೆನ್ಸರ್‌ಗೆ ಹಾಕಿ ಸ್ಪೀಡ್ ಏರಿಸಿ ಓಡಿಸಿದ್ದು, ಓಡ್ತಾ ಇರೋವಾಗ ಫಿಲ್ಟರ್ (ಸದ್ದಿನ ಒಂದಷ್ಟು ಭಾಗ ಸೋಸಿ ತೆಗೆಯೋದು) ತಿರುಗ್ಸಿದ್ದು, ಇಡೀ ತುಣುಕು ಅದರ ಮೇಲೇ ನಿಂತಿದೆ. ಬ್ರಯಾನ್ ಈನೋ ರಾಕ್ಸಿ ಮ್ಯೂಸಿಕ್‌ನಲ್ಲಿದ್ದಾಗ ವಿಸಿಎಸ್3 ಇಟ್ಕೊಂಡು ಬೇರೆಯವರ ವಾದ್ಯದ ಸದ್ದನ್ನ ಅದರೊಳಗೆ ಹಾಯಿಸಿ ಕೆಡಿಸ್ತಾ ಇದ್ರು, ಕೆಡಿಸೋದೇ ಅವರ ಕೆಲಸ. ದ ಹೂ ಬ್ಯಾಂಡ್ 1971ರಲ್ಲಿ ಆರ್ಗನ್ ಸದ್ದನ್ನ ಇದೇ ವಿಸಿಎಸ್3 ಫಿಲ್ಟರ್‌ನಲ್ಲಿ ಹಾಯಿಸಿತ್ತು. ಅಂದ್ರೆ ಸಿಂಥಿ ಬೇಕಾಗಿರೋದು ಸದ್ದಿನ ಜೊತೆ ಆಟ ಆಡೋರಿಗೆ, ಗಿಟಾರ್‌ನೋ ಧ್ವನಿನೋ ಒಳಗೆ ಬಿಟ್ಟು ಏನಾಗುತ್ತೆ ನೋಡೋಣ ಅನ್ನೋರಿಗೆ. ಕೀಬೋರ್ಡ್ ವಾದಕರು ದಯವಿಟ್ಟು ಬಿಟ್ಬಿಡಿ. ಒರಿಜಿನಲ್ ಸಿಗೋದೂ ಕಷ್ಟ, ಸಿಕ್ಕಿದ್ರೆ ರಿಪೇರಿ ಮಾಡೋರು ಸಿಗೋದು ಇನ್ನೂ ಕಷ್ಟ.

ಬುಕ್ಲಾ ಮ್ಯೂಸಿಕ್ ಈಸಲ್ 1973ರದ್ದು, ಕ್ಯಾಲಿಫೋರ್ನಿಯಾದ ಬರ್ಕ್ಲಿಯಿಂದ ಬಂದಿದ್ದು. ಮಾಮೂಲಿ ಫಿಲ್ಟರ್ ಬದಲು ಲೋ ಪಾಸ್ ಗೇಟ್ ಅಂತ ಇದೆ, ಸದ್ದು ಕಮ್ಮಿ ಆಗ್ತಾ ಆಗ್ತಾ ಮಂಕೂ ಆಗುತ್ತೆ, ಮರದ ತುಂಡು ತಟ್ಟಿದ ಹಾಗೆ ಕೇಳುತ್ತೆ. ಒರಿಜಿನಲ್ ತೀರಾ ಕಡಿಮೆ ಇವೆ, ಬೇಕೇ ಬೇಕು ಅಂದ್ರೆ 2013ರಲ್ಲಿ ಮತ್ತೆ ಮಾಡಿದ್ದನ್ನ ಹುಡುಕಿ. ಮೋಗ್‌ನ ಸೋನಿಕ್ ಸಿಕ್ಸ್ ಕೂಡ ಸೂಟ್‌ಕೇಸ್‌ನದ್ದೇ, ಒಳಗೇ ಸ್ಪೀಕರ್ ಇದೆ, ಪಾಠ ಹೇಳೋಕೆ ಚೆನ್ನಾಗಿದೆ, ಅದಕ್ಕಿಂತ ಜಾಸ್ತಿ ನಾನು ಹೊಗಳಲ್ಲ.

ಮಿನಿಮೋಗ್ ವರ್ಸಸ್ ಒಡಿಸ್ಸಿ

ಈ ಜಗಳ ಐವತ್ತು ವರ್ಷದಿಂದ ನಡೀತಿದೆ, ನಿಲ್ಲೋ ಲಕ್ಷಣ ಇಲ್ಲ.

ಮಿನಿಮೋಗ್ 1970ರದ್ದು. ನ್ಯೂಯಾರ್ಕ್ ರಾಜ್ಯದ ಟ್ರುಮನ್ಸ್‌ಬರ್ಗ್‌ನಲ್ಲಿ ಬಿಲ್ ಹೆಮ್ಸಾತ್ ಅನ್ನೋ ಎಂಜಿನಿಯರ್ ಮಾಡ್ಯುಲರ್‌ನ ಮಿಕ್ಕ ಸಾಮಾನು ಜೋಡಿಸಿ ಮೊದಲ ಮಾದರಿ ಕಟ್ಟಿದ್ದು, ಕಂಪನಿಗೆ ಮೊದಮೊದಲು ಅದರ ಮೇಲೆ ಅಷ್ಟೇನೂ ನಂಬಿಕೆ ಇರ್ಲಿಲ್ಲ. 44 ಕೀ, ಮೂರು ಆಸಿಲೇಟರ್, 24 ಡೆಸಿಬೆಲ್ ಲ್ಯಾಡರ್ ಫಿಲ್ಟರ್ (ಲ್ಯಾಡರ್ ಅನ್ನೋದು ಮೋಗ್‌ನ ಡಿಸೈನ್, ಡೆಸಿಬೆಲ್ ಜಾಸ್ತಿ ಇದ್ದಷ್ಟೂ ಕಡಿದಾಗಿ ಸೋಸುತ್ತೆ), ಎಡಗೈಗೆ ಎರಡು ಚಕ್ರ. ಕೇಬಲ್ ಬೇಡ, ಎಡದಿಂದ ಬಲಕ್ಕೆ ಪ್ಯಾನೆಲ್ ಓದ್ತಾ ಹೋದ್ರೆ ಸದ್ದು ಹೇಗೆ ಹುಟ್ಟಿ ಹೇಗೆ ಹೊರಗೆ ಬರುತ್ತೆ ಅಂತ ಅರ್ಥ ಆಗ್ಬಿಡುತ್ತೆ. ಆಮೇಲೆ ಬಂದ ಸಿಂಥ್‌ಗಳ ಪ್ಯಾನೆಲ್‌ಗಳೆಲ್ಲ ಹೆಚ್ಚು ಕಮ್ಮಿ ಇದರ ಮಕ್ಕಳೇ.

ಕಾಟಗಳು? ಸದ್ದನ್ನ ನಿಧಾನಕ್ಕೆ ಅಲುಗಾಡಿಸೋಕೆ ಬೇರೆ ಎಲ್‌ಎಫ್‌ಓ ಇಲ್ಲ. ವೈಬ್ರಾಟೋ ಬೇಕು ಅಂದ್ರೆ ಮೂರನೇ ಆಸಿಲೇಟರ್‌ನ 'ಲೋ' ರೇಂಜ್‌ಗೆ ಇಳಿಸಿ ಅದನ್ನ ಬಲಿ ಕೊಡ್ಬೇಕು, ಆಗ ದಪ್ಪ ಸೌಂಡ್ ಹೋಗಿ ಎರಡು ಆಸಿಲೇಟರ್ ಉಳಿಯುತ್ತೆ. ಎರಡು ಕೀ ಒಟ್ಟಿಗೆ ಒತ್ತಿದ್ರೆ ಕೆಳಗಿನ ಸ್ವರಾನೇ ಗೆಲ್ಲೋದು, ಹಾಗಾಗಿ ಪಿಯಾನೋ ಅಭ್ಯಾಸದಲ್ಲಿ ಬೆರಳು ಎತ್ತೋದು ತಡ ಮಾಡಿದ್ರೆ ಮೇಲಿನ ಸ್ವರ ನುಂಗಿಹೋಗುತ್ತೆ. ಇದನ್ನೇ ಆಟ ಮಾಡ್ಕೊಂಡೋರು ಇದ್ದಾರೆ, ಕೆಳಗೆ ಒಂದು ಸ್ವರ ಒತ್ತಿಹಿಡಿಯೋ ಬದಲು ಮೇಲಿನದನ್ನ ಹಿಡಿದು ಕೆಳಗಿನದನ್ನ ತಟ್ಟಿ ತಟ್ಟಿ ಬಿಟ್ರೆ ಟ್ರಿಲ್ ಬರುತ್ತೆ. ಇನ್ನೊಂದು ಹಳೇ ಟ್ರಿಕ್, ಹೆಡ್‌ಫೋನ್ ಔಟ್‌ನಿಂದ ಒಂದು ಕೇಬಲ್ ತಗೊಂಡು ಅದರದ್ದೇ ಎಕ್ಸ್‌ಟರ್ನಲ್ ಇನ್‌ಪುಟ್‌ಗೆ ಚುಚ್ಚಿ, ಇನ್‌ಪುಟ್ ನಾಬ್ ನಿಧಾನಕ್ಕೆ ಏರಿಸಿ, ಸದ್ದು ತನ್ನನ್ನ ತಾನೇ ತಿಂದ್ಕೊಂಡು ಊದ್ಕೊಳ್ಳುತ್ತೆ.

ಪಾರ್ಲಿಮೆಂಟ್ ಬ್ಯಾಂಡ್‌ನ 'ಫ್ಲಾಷ್ ಲೈಟ್' ಕೇಳಿ, ಬಾಸ್ ಗಿಟಾರ್ ಜಾಗದಲ್ಲಿ ಬರ್ನಿ ವೊರೆಲ್ ಮಿನಿಮೋಗ್ ನುಡಿಸಿದ್ದಾರೆ. ಅಲ್ಲಿಂದೀಚೆಗೆ ಬಾಸ್ ಅಂದ್ರೆ ತಂತಿ ಇರಲೇಬೇಕು ಅನ್ನೋ ನಿಯಮ ಹೋಯ್ತು. ನಿಮಗೆ ಬಾಸ್ ಮತ್ತೆ ಲೀಡ್ ಎರಡೇ ಸಾಕು, ಎರಡೂ ದಪ್ಪಗೆ ಬೇಕು ಅಂದ್ರೆ ಮಿನಿಮೋಗ್ ಬಿಟ್ಟು ಆಚೀಚೆ ನೋಡೋದು ಬೇಡ.

ಒಡಿಸ್ಸಿ 1972ರಲ್ಲಿ ಬಂದಿದ್ದು, ಆಲನ್ ಆರ್. ಪರ್ಲ್‌ಮನ್ ಅವರ ಎಆರ್‌ಪಿ ಕಂಪನಿ, ಮಿನಿಮೋಗ್‌ಗೆ ನೇರ ಉತ್ತರ. 37 ಕೀ, ಎರಡೇ ಆಸಿಲೇಟರ್, ಆದ್ರೆ ಸಿಂಕ್ (ಒಂದು ಆಸಿಲೇಟರ್ ಇನ್ನೊಂದನ್ನ ತನ್ನ ಹಿಂದೆ ಎಳೆಯೋದು) ಇದೆ, ರಿಂಗ್ ಮಾಡ್ಯುಲೇಟರ್ (ಎರಡನ್ನೂ ಗುಣಿಸಿ ಗಂಟೆಯಂಥ ಸದ್ದು ಮಾಡೋದು) ಇದೆ, ಸ್ಯಾಂಪಲ್ ಅಂಡ್ ಹೋಲ್ಡ್ (ಹೆಜ್ಜೆ ಹೆಜ್ಜೆಯಾಗಿ ಹಾರೋ ವೋಲ್ಟೇಜ್ ಕೊಡೋದು) ಇದೆ, ಬೇರೆ ಎಲ್‌ಎಫ್‌ಓನೂ ಇದೆ. ಎರಡು ಕೀ ಒತ್ತಿದ್ರೆ ಕೆಳಗಿನ ಸ್ವರ ಒಂದು ಆಸಿಲೇಟರ್‌ಗೆ, ಮೇಲಿನದು ಇನ್ನೊಂದಕ್ಕೆ ಹೋಗುತ್ತೆ, ಎರಡು ಸ್ವರ ಒಟ್ಟಿಗೆ ಬರುತ್ತೆ. ಆದ್ರೆ ಫಿಲ್ಟರ್ ಒಂದೇ, ಹಾಗಾಗಿ ಎರಡನೇ ಸ್ವರಕ್ಕೆ ತನ್ನದೇ ಶುರು ಕೊನೆ ಇರಲ್ಲ, ಇದನ್ನ ಪಾಲಿಫೋನಿ (ಹಲವು ಸ್ವರ ಒಟ್ಟಿಗೆ, ಒಂದೊಂದೂ ಸ್ವತಂತ್ರವಾಗಿ) ಅಂತ ಮಾರೋರ ಮಾತು ನಂಬ್ಬೇಡಿ.

ಎಲ್ಲಾ ಸ್ಲೈಡರ್‌ಗಳೇ. ನೋಡಿದ ಕೂಡ್ಲೇ ಸೌಂಡ್ ಯಾವ ಸ್ಥಿತೀಲಿದೆ ಅಂತ ಕಣ್ಣಿಗೆ ಕಾಣುತ್ತೆ, ನಾಲ್ಕು ಬೆರಳಲ್ಲಿ ನಾಲ್ಕು ಸ್ಲೈಡರ್ ಒಟ್ಟಿಗೆ ತಳ್ಳಬಹುದು, ಲೈವ್‌ನಲ್ಲಿ ಇದರ ಮಜಾನೇ ಬೇರೆ. ಹಾಗೇ ಧೂಳು ಹೋಗಿ ಕೂರೋದೂ ಅಲ್ಲೇ. ಹರ್ಬಿ ಹ್ಯಾನ್‌ಕಾಕ್ 1973ರ 'ಹೆಡ್ ಹಂಟರ್ಸ್' ಆಲ್ಬಮ್‌ನ 'ಕಮೀಲಿಯನ್' ಬಾಸ್ ಲೈನ್ ನುಡಿಸಿದ್ದು ಒಡಿಸ್ಸಿಯಲ್ಲೇ, ಮೋಗ್‌ನ ದಪ್ಪ ಅದರಲ್ಲಿಲ್ಲ, ಅಂಚು ಇದೆ, ಫಂಕ್‌ಗೆ ಬೇಕಾಗಿದ್ದೂ ಅದೇ.

ತಗೊಳ್ಳೋವಾಗ ಯಾವ ಒಡಿಸ್ಸಿ ಅಂತ ಕೇಳೋದು ಮುಖ್ಯ, ಯಾಕಂದ್ರೆ ಬಿಳಿ, ಕಪ್ಪು ಚಿನ್ನದ ಬಣ್ಣ, ಕಪ್ಪು ಕೇಸರಿ ಅಂತ ಮೂರು ಸರಣಿ ಇದೆ, ಬಣ್ಣದ ಜೊತೆ ಫಿಲ್ಟರೂ ಬದಲಾಗಿದೆ. ಬಿಳಿಯದ್ದು 12 ಡೆಸಿಬೆಲ್, ಚೂಪು, ಕಿರುಚುತ್ತೆ. ಆಮೇಲಿಂದು 24 ಡೆಸಿಬೆಲ್, ಮೋಗ್ ಲ್ಯಾಡರ್‌ಗೆ ತೀರಾ ಹತ್ತಿರದ ಡಿಸೈನ್, ಅದಕ್ಕೇ ಎಆರ್‌ಪಿ ಅದನ್ನ ಬಿಟ್ಟು ಮತ್ತೊಂದು ಮಾಡ್ಕೋಬೇಕಾಯ್ತು, ಕೊನೇದು ಮೆತ್ತಗೆ. ನನ್ನ ಆಯ್ಕೆ ಬಿಳಿ. ಇನ್ನೊಂದು ವಿಷಯ, ಎಆರ್‌ಪಿ ತನ್ನ ಸರ್ಕ್ಯೂಟ್ ಯಾರೂ ಕದಿಬಾರ್ದು ಅಂತ ಮುಖ್ಯ ಮಾಡ್ಯೂಲ್‌ಗಳನ್ನ ಎಪಾಕ್ಸಿಯಲ್ಲಿ ಮುಳುಗಿಸಿ ಗಟ್ಟಿ ಮಾಡಿತ್ತು, ಒಳಗೆ ಒಂದು ಟ್ರಾನ್ಸಿಸ್ಟರ್ ಹೋದ್ರೂ ಇಡೀ ಮಾಡ್ಯೂಲ್ ಬದಲಾಯಿಸ್ಬೇಕು. ಕಂಪನಿ ಮುಚ್ಚಿದ್ದು 1981ರಲ್ಲಿ. ಈಗ ಬೇರೆಯವರು ಮಾಡೋ ಬದಲಿ ಮಾಡ್ಯೂಲ್‌ಗಳೇ ಗತಿ.

ಎಂಎಸ್-20: ಕಲಿಯೋರಿಗೆ

1978ರಲ್ಲಿ ಬಂದ ಕೋರ್ಗ್ ಎಂಎಸ್-20 ನೋಡೋಕೆ ಟೆಲಿಫೋನ್ ಎಕ್ಸ್‌ಚೇಂಜ್ ಥರ ಇದೆ, ಬಲಗಡೆ ಪೂರ್ತಿ ಪ್ಯಾಚ್ ಬೋರ್ಡ್, ಅಂದ್ರೆ ಕೇಬಲ್ ಚುಚ್ಚೋ ತೂತುಗಳು. ಆದ್ರೆ ಕೇಬಲ್ ಒಂದೂ ಹಾಕದೇನೇ ಸದ್ದು ಬರುತ್ತೆ, ಒಳಗೇ ಮಾಮೂಲಿ ಕನೆಕ್ಷನ್ ಇದೆ, ಕೇಬಲ್ ಹಾಕಿದ್ರೆ ಅದನ್ನ ಮೀರುತ್ತೆ. ಸಿಂಥೆಸಿಸ್ ಅಂದ್ರೇನು ಅಂತ ಕೈಯಾರೆ ಕಲೀಬೇಕು ಅಂದ್ರೆ ಇದಕ್ಕಿಂತ ಒಳ್ಳೇ ಮೇಷ್ಟ್ರು ಈ ಗುಂಪಲ್ಲಿ ಇಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಫಿಲ್ಟರ್ ಎರಡು, ತಗ್ಗಿನ ಸದ್ದು ಸೋಸೋ ಹೈಪಾಸ್ ಒಂದು, ಮೇಲಿನದನ್ನ ಸೋಸೋ ಲೋಪಾಸ್ ಒಂದು, ಎರಡಕ್ಕೂ ಸೋಸೋ ಗಡಿಯ ಸದ್ದನ್ನ ಎತ್ತೋ ಪೀಕ್ ನಾಬ್ ಇದೆ, ಎರಡನ್ನೂ ಏರಿಸಿದ್ರೆ ಕೂಗಾಡುತ್ತೆ, ಹಲ್ಲು ಕಡಿದ ಹಾಗೆ ಸದ್ದು. ಮೆತ್ತಗಿನ ಸಂಗೀತ ಮಾಡೋರಿಗೆ ಇದು ಬೇಡ. ಡಾಫ್ಟ್ ಪಂಕ್‌ನಿಂದ ಹಿಡಿದು ಹಲವರು 90ರ ದಶಕದಲ್ಲಿ ಇದನ್ನ ಎತ್ಕೊಂಡಿದ್ದೇ ಈ ಒರಟುತನಕ್ಕೆ.

ಇದರಲ್ಲಿ ಈ ಗುಂಪಿನ ಬೇರೆ ಯಾವುದರಲ್ಲೂ ಇಲ್ಲದ ಒಂದಿದೆ, ಇಎಸ್‌ಪಿ ಅಂತ. ಮೈಕ್‌ನೋ ಗಿಟಾರ್‌ನೋ ಚುಚ್ಚಿದ್ರೆ ನೀವು ಹಾಡಿದ ಸ್ವರವನ್ನ ವೋಲ್ಟೇಜ್ ಮಾಡಿ ಆಸಿಲೇಟರ್‌ಗೆ ಕೊಡುತ್ತೆ. ಹಾಡಿನ ಹಿಂದೆ ಸಿಂಥ್ ನಡೆಯುತ್ತೆ, ಆಗಾಗ ಎಡವುತ್ತೆ, ಎರಡು ಸ್ವರ ಒಟ್ಟಿಗೆ ಬಂದ್ರಂತೂ ತಲೆಕೆಟ್ಟು ಎಲ್ಲೆಲ್ಲೋ ಹಾರುತ್ತೆ. ಗಿಟಾರ್‌ನೋರು ಇದನ್ನ ಸಿಂಥ್ ಅಂತ ತಗೊಳ್ಳದೆ ಪೆಡಲ್ ಅಂತ ತಗೊಂಡ್ರೂ ಮೋಸ ಇಲ್ಲ.

ಬ್ಯಾಟರಿಯವು

1982ರ ಎಸ್‌ಎಚ್-101. ಒಂದೇ ಆಸಿಲೇಟರ್, ಅದರ ಕೆಳಗೆ ಒಂದು ಸಬ್ ಆಸಿಲೇಟರ್, 32 ಕೀ, ಸಿ ಸೈಜ್ ಬ್ಯಾಟರಿ ಆರು. ಕುತ್ತಿಗೆಗೆ ಬೆಲ್ಟ್ ಹಾಕಿ ಪಕ್ಕಕ್ಕೆ ಒಂದು ಹಿಡಿ ಸಿಕ್ಕಿಸಿದ್ರೆ ಗಿಟಾರ್ ಥರ ನುಡಿಸಬಹುದು, ಬೂದು, ಕೆಂಪು, ನೀಲಿ ಬಣ್ಣದಲ್ಲಿ ಬಂತು. ಒಂದೇ ಆಸಿಲೇಟರ್ ಅಂತ ಮೂಗು ಮುರಿಯೋರು ಮಿಕ್ಸರ್ ಸ್ಲೈಡರ್‌ಗಳನ್ನ ನೋಡಿಲ್ಲ ಅಂತ ಅರ್ಥ. ಪಲ್ಸ್, ಸಾ (ಗರಗಸದ ಹಲ್ಲಿನ ಆಕಾರದ ಅಲೆ), ಸಬ್, ನಾಯ್ಸ್ (ಬರೀ ಶ್ ಅನ್ನೋ ಸದ್ದು) ನಾಲ್ಕನ್ನೂ ಬೇಕಾದ ಅಳತೇಲಿ ಬೆರೆಸಬಹುದು, ಮೂರೂ ಅಲೆ ಒಂದೇ ಆಸಿಲೇಟರ್‌ನಿಂದ ಬರೋದ್ರಿಂದ ಒಂದಕ್ಕೊಂದು ಶ್ರುತಿ ತಪ್ಪೋ ಪ್ರಶ್ನೆನೇ ಇಲ್ಲ. ಈ ಪಟ್ಟಿಯಲ್ಲಿ ಆನ್ ಮಾಡಿದ ತಕ್ಷಣ ಕೆಲಸಕ್ಕೆ ಬರೋದು ಇದೇ.

ಅದರ ಸೀಕ್ವೆನ್ಸರ್ ನೋಡಿ. 100 ಸ್ಟೆಪ್, ಲೋಡ್ ಒತ್ತಿ ಕೀಗಳನ್ನ ಒಂದಾದ ಮೇಲೊಂದು ಒತ್ತುತ್ತಾ ಹೋಗೋದು, ಮಧ್ಯೆ ಖಾಲಿ ಬೇಕಾದ್ರೆ ರೆಸ್ಟ್ ಬಟನ್, ಎಳೀಬೇಕಾದ್ರೆ ಲೆಗಾಟೋ. ಎಲ್ಲಾ ಸ್ಟೆಪ್ಪೂ ಒಂದೇ ಉದ್ದ, ಲಯ ಬದಲಾಯಿಸೋ ದಾರಿ ಇಲ್ಲ. ಆದ್ರೆ ಹಿಂದೆ ಒಂದು ಕ್ಲಾಕ್ ಇನ್ ತೂತಿದೆ, ಅಲ್ಲಿಗೆ ಡ್ರಮ್ ಮಷಿನ್‌ನ ಟ್ರಿಗರ್ ಕೊಟ್ರೆ ಪ್ರತಿ ಪೆಟ್ಟಿಗೂ ಒಂದು ಸ್ವರ ಮುಂದೆ ಹೋಗುತ್ತೆ, ಅಂದ್ರೆ ಲಯ ಡ್ರಮ್ ಮಷಿನ್‌ನದ್ದು, ಸ್ವರ ಇದರದ್ದು. ಏಳು ಸ್ವರದ ಸಾಲನ್ನ ಹದಿನಾರರ ಪೆಟ್ಟಿನ ಮೇಲೆ ಓಡಿಸಿ ನೋಡಿ, ಪ್ರತಿ ಸುತ್ತೂ ಬೇರೆ ಜಾಗದಲ್ಲಿ ಶುರುವಾಗುತ್ತೆ. ಟೆಕ್ನೋ ಹುಡುಗರು ಇದನ್ನ ಬಿಟ್ಟುಕೊಡದೆ ಇದ್ದಿದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಲೆಕ್ಕ. ಮೊದಲ ಹಳೇ ಸಿಂಥ್ ತಗೊಳ್ತಿರೋರಿಗೆ ನನ್ನ ಉತ್ತರ ಎಸ್‌ಎಚ್-101.

ಯಮಹಾ ಸಿಎಸ್-01 ಕೂಡ ಅದೇ ವರ್ಷದ್ದು, ಇನ್ನೂ ಚಿಕ್ಕದು, ಪೆನ್ ಬ್ಯಾಟರಿ ಆರು, ಸಣ್ಣ ಕೀ, ಒಳಗೇ ಸ್ಪೀಕರ್. ಬ್ರೆತ್ ಕಂಟ್ರೋಲರ್ ಬಾಯಲ್ಲಿಟ್ಟು ಊದಿದ್ರೆ ಫಿಲ್ಟರೂ ವಾಲ್ಯೂಮೂ ಉಸಿರಿನ ಹಿಂದೆ ಹೋಗುತ್ತೆ, ಕೊಳಲು ಕ್ಲಾರಿನೆಟ್ ನುಡಿಸೋರಿಗೆ ಇದು ಹಬ್ಬ. ಬೇರೆ ಯಾವುದಕ್ಕೂ ಕನೆಕ್ಟ್ ಮಾಡೋ ಸಿವಿ ಗೇಟ್ (ಯಾವ ಸ್ವರ, ಯಾವಾಗ ಶುರು ಅಂತ ವೋಲ್ಟೇಜ್‌ನಲ್ಲಿ ತಿಳಿಸೋ ತೂತುಗಳು) ಇಲ್ಲ, ಅಷ್ಟು ಗೊತ್ತಿದ್ರೆ ಸಾಕು. 1978ರ ಬ್ರಿಟಿಷ್ ವಾಸ್ಪ್ ಕಪ್ಪು ಹಳದಿ ಬಣ್ಣದ್ದು, ಕ್ರಿಸ್ ಹಗೆಟ್ ಮಾಡಿದ ಡಿಸೈನ್, ಕೀಗಳೇ ಇಲ್ಲ, ಬರೀ ಮುಟ್ಟೋ ಪಟ್ಟಿ. ಆಸಿಲೇಟರ್ ಡಿಜಿಟಲ್, ಫಿಲ್ಟರ್ ಅನಲಾಗ್, ಹಾಗಾಗಿ ಶುದ್ಧ ಅನಲಾಗ್ ಅಂತ ಹುಡುಕೋರು ಬೇಕಾದ್ರೆ ಮುನಿಸ್ಕೊಳ್ಳಿ, ಆ ಫಿಲ್ಟರ್ ಮಾತ್ರ ಕೊಳಕಾಗಿ ಚೆನ್ನಾಗಿದೆ. ಕ್ಯಾಸಿಯೋ ವಿಎಲ್-1 ಅನ್ನೂ ಈ ಗುಂಪಿಗೆ ಸೇರಿಸಿ ಮಾರ್ತಾರೆ, ಅದು ಡಿಜಿಟಲ್, ಅನಲಾಗ್ ಅಂತ ದುಡ್ಡು ಕೊಡ್ಬೇಡಿ.

ಇನ್ನು ಟಿಬಿ-303. ಟಡಾವೊ ಕಿಕುಮೊಟೊ ಅವರ ಡಿಸೈನ್, ಬಾಸ್ ಗಿಟಾರ್ ನುಡಿಸೋರು ಇಲ್ದಿದ್ರೆ ಪಕ್ಕವಾದ್ಯಕ್ಕೆ ಇರ್ಲಿ ಅಂತ 1981ರ ಕೊನೇಲಿ ಬಂದಿದ್ದು. ಬಾಸ್ ಗಿಟಾರ್ ಥರ ಒಂಚೂರೂ ಕೇಳಲ್ಲ, ಸುಮಾರು 10,000 ಮಾಡಿ ನಿಲ್ಲಿಸಿಬಿಟ್ರು. ಅದರಲ್ಲಿ ಸ್ವರ ಒಂದ್ಸಲ, ಕಾಲ ಇನ್ನೊಂದ್ಸಲ, ಬೇರೆ ಬೇರೆಯಾಗಿ ಹಾಕ್ಬೇಕು, ಆಕ್ಸೆಂಟು ಸ್ಲೈಡು ಸೇರಿಸ್ಬೇಕು, ನೀವು ಅಂದ್ಕೊಂಡ ಸಾಲು ಹಾಗೇ ಬರೋದು ಅಪರೂಪ. ಆದ್ರೆ ಬಂದಿದ್ದನ್ನ ಹಾಗೇ ಓಡೋಕೆ ಬಿಟ್ಟು ಫಿಲ್ಟರ್‌ನ ಕಟಾಫ್, ರೆಸೊನೆನ್ಸ್ ನಾಬ್‌ಗಳನ್ನ ತಿರುಗಿಸ್ತಾ ಇದ್ರೆ ಸಾಕು ಅಂತ ಶಿಕಾಗೋದ ಫ್ಯೂಚರ್ ತಂಡಕ್ಕೆ ಗೊತ್ತಾಗಿ 1987ರಲ್ಲಿ 'ಆಸಿಡ್ ಟ್ರ್ಯಾಕ್ಸ್' ಬಂತು, ಆಸಿಡ್ ಹೌಸ್ ಅನ್ನೋ ಡಾನ್ಸ್ ಸಂಗೀತದ ಪ್ರಕಾರಕ್ಕೆ ಹೆಸರು ಬಂದಿದ್ದೂ ಅದರಿಂದ ಅಂತಾರೆ. ಅದಕ್ಕೂ ಐದು ವರ್ಷ ಮುಂಚೆ, 1982ರಲ್ಲಿ, ಮುಂಬೈನ ಸಿನಿಮಾ ಸಂಗೀತಗಾರ ಚರಣ್‌ಜಿತ್ ಸಿಂಗ್ ಇದೇ 303ನ ಟಿಆರ್-808 ಡ್ರಮ್ ಮಷಿನ್ ಮತ್ತೆ ಜುಪಿಟರ್-8 ಸಿಂಥ್ ಜೊತೆ ಇಟ್ಕೊಂಡು ಡಿಸ್ಕೋ ಬೀಟ್ ಮೇಲೆ ಹತ್ತು ರಾಗ ಕೂರಿಸಿದ್ರು. ಆಗ ಯಾರೂ ಕೇಳ್ಲಿಲ್ಲ, 2010ರಲ್ಲಿ ರೀಇಶ್ಯೂ ಆದ್ಮೇಲೆ ಜನ ಬಾಯಿ ಬಿಟ್ಕೊಂಡು ಕೇಳಿದ್ರು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋ ಆ ಸ್ಲೈಡ್ ರಾಗಕ್ಕೆ ಎಷ್ಟು ಹೊಂದ್ಕೊಳ್ಳುತ್ತೆ ಅಂತ ಕೇಳಿದ್ರೇನೇ ಗೊತ್ತಾಗೋದು. 303 ಒಂದೇ ಕೆಲಸದ ಮಷಿನ್, ಆ ಕೆಲಸ ನಿಮ್ಮದಾಗಿದ್ರೆ ಮಾತ್ರ ತಗೊಳ್ಳಿ.

ಇವೆಲ್ಲ ಯಾಕೆ ಹೀಗೆ ಹುಡುಗರ ಕೈಗೆ ಸಿಕ್ತು ಅನ್ನೋದಕ್ಕೆ ಉತ್ತರ 1983ರಲ್ಲಿದೆ. ಯಮಹಾ ಡಿಎಕ್ಸ್7 ಬಂತು, ಡಿಜಿಟಲ್, ಹದಿನಾರು ಸ್ವರ ಒಟ್ಟಿಗೆ, ಶ್ರುತಿ ಜಾರಲ್ಲ, ಸೌಂಡ್ ಸೇವ್ ಆಗುತ್ತೆ. ಬೇರೆ ಬೇರೆ ಕಂಪನಿಯ ವಾದ್ಯಗಳನ್ನ ಜೋಡಿಸೋ ಮಿಡಿ ಬಂದಿದ್ದೂ ಅದೇ ವರ್ಷ. ದುಡ್ಡಿದ್ದೋರೆಲ್ಲ ಹಳೇದನ್ನ ಸೆಕೆಂಡ್ ಹ್ಯಾಂಡ್‌ಗೆ ಬಿಸಾಕಿದ್ರು, ದುಡ್ಡಿಲ್ಲದೋರು ಎತ್ಕೊಂಡ್ರು, ಹೌಸ್ ಟೆಕ್ನೋ ಎರಡೂ ಆ ರಾಶಿಯಿಂದ ಎದ್ದಿದ್ದು.

ಎರಡು ಮಷಿನ್ ಜೋಡಿಸೋ ಆಸೆ ಇದ್ರೆ

ಇಲ್ಲಿ ಬಹಳ ಜನ ಬೀಳ್ತಾರೆ. ಮಿನಿಮೋಗ್, ಒಡಿಸ್ಸಿ, ಎಸ್‌ಎಚ್-101 ಇವುಗಳಲ್ಲಿ ಒಂದು ಆಕ್ಟೇವ್ ಮೇಲೆ ಹೋಗೋಕೆ ಒಂದು ವೋಲ್ಟ್ ಕೂಡಿಸ್ಬೇಕು. ಎಂಎಸ್-20 ಹಾಗಲ್ಲ, ಅದಕ್ಕೆ ಒಂದು ಆಕ್ಟೇವ್‌ಗೆ ವೋಲ್ಟೇಜ್ ಡಬಲ್ ಆಗ್ಬೇಕು. 101ನಿಂದ ಎಂಎಸ್-20ಗೆ ನೇರ ಕೇಬಲ್ ಹಾಕಿದ್ರೆ ಅಪಸ್ವರ ಗ್ಯಾರಂಟಿ. ಟ್ರಿಗರ್ ಕೂಡ ಉಲ್ಟಾ, 101ನಲ್ಲಿ ವೋಲ್ಟೇಜ್ ಕೊಟ್ರೆ ಸ್ವರ ಶುರು, ಎಂಎಸ್-20ಯಲ್ಲಿ ಗ್ರೌಂಡ್‌ಗೆ ಶಾರ್ಟ್ ಮಾಡಿದ್ರೆ ಶುರು. ಮಧ್ಯೆ ಒಂದು ಕನ್ವರ್ಟರ್ ಬೇಕೇ ಬೇಕು, ಅದನ್ನೂ ಲೆಕ್ಕಕ್ಕೆ ಸೇರಿಸ್ಕೊಂಡೇ ಎಂಎಸ್-20 ತಗೊಳ್ಳಿ.

ಒರಿಜಿನಲ್ಲಾ, ಮತ್ತೆ ಮಾಡಿದ್ದಾ?

ಕೋರ್ಗ್ 2013ರಲ್ಲಿ ಎಂಎಸ್-20 ಮಿನಿ ಮಾಡ್ತು, 2015ರಲ್ಲಿ ಒಡಿಸ್ಸಿ, ಎರಡೂ ಅಳತೇಲಿ ಶೇಕಡಾ 86, ಒಳಗೆ ಅನಲಾಗೇ, ಜೊತೆಗೆ ಮಿಡಿ. ಮೋಗ್ ಮಿನಿಮೋಗ್‌ನ 2016ರಲ್ಲಿ ಒಮ್ಮೆ, 2022ರಲ್ಲಿ ಇನ್ನೊಮ್ಮೆ ತಂತು. ದೊಡ್ಡ ಬೆರಳಿನೋರಿಗೆ ಕೋರ್ಗ್‌ನ ಸಣ್ಣ ಕೀ ಹಿಂಸೆ, ಅದು ಬಿಟ್ರೆ ಎಂಎಸ್-20 ಮಿನಿ ಬಗ್ಗೆ ನನಗೆ ದೂರಿಲ್ಲ, ದಿನಾ ನುಡಿಸೋರಿಗೆ ಒರಿಜಿನಲ್‌ಗಿಂತ ಇದೇ ವಾಸಿ. ಮಿನಿಮೋಗ್ ವಿಷಯದಲ್ಲೂ ಅಷ್ಟೇ, ಕೆಲವು ಹಳೇ ಮಿನಿಮೋಗ್‌ಗಳ ಆಸಿಲೇಟರ್ ಬೋರ್ಡ್‌ನಲ್ಲಿ ಬಿಸಿ ಹಿಡಿದಿಟ್ಕೊಳ್ಳೋ ವಿಶೇಷ ಟ್ರಾನ್ಸಿಸ್ಟರ್ ಜೋಡಿ ಇರೋ ಒಂದು ಚಿಪ್ ಇದೆ, ಅದು ಹೋದ್ರೆ ಹುಡುಕೋದೇ ಒಂದು ಉದ್ಯೋಗ. ಎಸ್‌ಎಚ್-101 ಮಾತ್ರ ಒರಿಜಿನಲ್ ತಗೊಳ್ಳೋಕೆ ನಾನು ಹೆದರಲ್ಲ, ಅದರ ಆಸಿಲೇಟರ್ ಚಿಪ್ ಸಿಇಎಂ3340ನ ಈಗಲೂ ಹೊಸದಾಗಿ ಮಾಡ್ತಾರೆ.

ಒರಿಜಿನಲ್ ನೋಡೋಕೆ ಹೋದ್ರೆ ಆನ್ ಮಾಡಿ ತಕ್ಷಣ ಟ್ಯೂನರ್ ಇಡಬೇಡಿ, ಅರ್ಧ ಗಂಟೆ ಬಿಸಿಯಾಗ್ಲಿ, ಆಮೇಲೆ ಕೆಳಗಿನ ಕೀಯಿಂದ ಮೇಲಿನ ಕೀವರೆಗೆ ಆಕ್ಟೇವ್ ಆಕ್ಟೇವ್ ಒತ್ತಿ ನೋಡಿ. ಇಡೀ ಕೀಬೋರ್ಡ್ ಸಮವಾಗಿ ಮೇಲೋ ಕೆಳಗೋ ಇದ್ರೆ ಟ್ಯೂನ್ ನಾಬ್‌ನಲ್ಲಿ ಸರಿಹೋಗುತ್ತೆ, ಮೇಲಕ್ಕೆ ಹೋಗ್ತಾ ಹೋಗ್ತಾ ವ್ಯತ್ಯಾಸ ಜಾಸ್ತಿ ಆಗ್ತಿದ್ರೆ ಒಳಗೆ ಕ್ಯಾಲಿಬ್ರೇಷನ್ ಆಗ್ಬೇಕು. ಪ್ರತಿ ಸ್ಲೈಡರ್ ನಿಧಾನಕ್ಕೆ ಎಳೀರಿ, ಕರಕರ ಅಂದ್ರೆ ಕ್ಲೀನಿಂಗ್ ಸಾಕು, ಮಧ್ಯೆ ಸದ್ದೇ ನಿಂತ್ರೆ ಸ್ಲೈಡರ್ ಬದಲಾಯಿಸ್ಬೇಕು. ಹಿಂದಿನ ಲೇಬಲ್‌ನಲ್ಲಿ 100 ಅಥವಾ 120 ವೋಲ್ಟ್ ಅಂತಿದ್ದು ನಿಮ್ಮ ಮನೆ ಪ್ಲಗ್ 230 ಆಗಿದ್ರೆ ಟ್ರಾನ್ಸ್‌ಫಾರ್ಮರ್ ಇಲ್ದೆ ಚುಚ್ಚಲೇಬೇಡಿ, ಅಡಾಪ್ಟರ್‌ನಲ್ಲಿ ಓಡೋದಾದ್ರೆ ತೂತಿನ ಪಕ್ಕ ಪ್ಲಸ್ ಮೈನಸ್ ಹೇಗೆ ಬರೆದಿದೆ ನೋಡಿ. ಬ್ಯಾಟರಿಯವಾದ್ರೆ ಮೊದಲು ಕೆಳಗಿನ ಮುಚ್ಚಳ ತೆಗೆಸಿ, ಸ್ಪ್ರಿಂಗ್ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಂಡ್ರೆ ಬ್ಯಾಟರಿ ಸೋರಿದೆ ಅಂತ, ಆ ರಸ ವೈರ್ ಹಿಡ್ಕೊಂಡು ಬೋರ್ಡ್‌ವರೆಗೂ ಹೋಗಿರಬಹುದು, ಹಾಗಾಗಿ ಪೂರ್ತಿ ಬಿಚ್ಚಿ ತೋರ್ಸೋಕೆ ಒಪ್ಪದೆ ಇದ್ರೆ ರೇಟ್ ಮಾತಾಡೋದೇ ಬೇಡ.